ಮೆಟ್ಟಿನ ಕವಿತೆ, ಕೈಯ ವಿದ್ಯೆ

ನಮ್ಮ ಬಂಡಾಯದ ಕವಿತೆಗಳಲ್ಲಿ ಮೆಟ್ಟು ಧಾರಾಳವಾಗಿ ಬರುತ್ತದೆ. ನಾವೂ ಬರೆದಿದ್ದೇವೆ. ಗುತ್ತಿನ ಮನೆ ಅಂಗಳದ ಮುಂದೆ ಕಳಚಿ ಕೈಯಲ್ಲಿ ಹಿಡಿದ ಮೆಟ್ಟು, ಹದ ಮಾಡುವ ತೊಗಲಿನ ನಾತ, ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಹೊಲಿದರೆಂಬ ಪಾದರಕ್ಷೆ. ಒಂದೋ ಗಾಯ, ಇಲ್ಲವೇ ಭಕ್ತಿ. ಮೆಟ್ಟು ಹೊಲಿಯುವುದು ಒಂದು ವಿದ್ಯೆ ಅಂತ ನಮ್ಮ ಯಾವ ಕವಿತೆ ಹೇಳಿತು?

ಅಜೆಕಾರಿನ ಪೇಟೆ ಬದಿಯಲ್ಲಿ ಚಪ್ಪಲಿ ಹೊಲಿಯುವ ಅಜ್ಜನನ್ನು ನೋಡಿ. ತೊಗಲನ್ನು ಬೆರಳಲ್ಲಿ ಒಮ್ಮೆ ಎಳೆಯುತ್ತಾರೆ, ಅಷ್ಟೆ. ಬೆನ್ನಿನದು ಬಿಗಿ, ಹೊಟ್ಟೆಯದು ಸಡಿಲ. ಯಾವುದು ಎಲ್ಲಿ ಹಿಗ್ಗುತ್ತದೆಂದು ಆ ಬೆರಳಿಗೆ ಗೊತ್ತು.

ಜಗತ್ತಿನ ಇಂಜಿನಿಯರುಗಳು ತಿಣುಕುತ್ತಿರುವುದೂ ಇಲ್ಲೇ. ಕಬ್ಬಿಣದ ತುಂಡನ್ನು ಎತ್ತಿಡುವುದು ಯಂತ್ರದ ಕೈಗೆ ಸಲೀಸು, ಅದು ಆಕಾರ ಬದಲಿಸುವುದಿಲ್ಲ. ತೊಗಲು, ಬಟ್ಟೆ ಎತ್ತಿದರೆ ಜೋಲುತ್ತವೆ, ಮಡಚಿಕೊಳ್ಳುತ್ತವೆ, ಕೆಳಗಿನ ತುಂಡೂ ಅಂಟಿಕೊಂಡು ಬರುತ್ತದೆ. ಗಾಳಿ ಹೀರಿ ಹಿಡಿಯುವ ಬಟ್ಟಲು ಹಚ್ಚಿದರು. ವಿದ್ಯುತ್ತಿನ ಸೆಳೆತದಿಂದ ಹಿಡಿಯುವ ಯಂತ್ರ ಮಾಡಿದ ಗ್ರ್ಯಾಬಿಟ್ ಕಂಪನಿಗೆ ನೈಕಿ ಹಣ ಹಾಕಿತು. ಅಡಿಡಾಸ್ ಜರ್ಮನಿಯಲ್ಲೂ ಅಮೆರಿಕದಲ್ಲೂ ಬಹುಪಾಲು ಯಂತ್ರಗಳೇ ನಡೆಸುವ ಕಾರ್ಖಾನೆ ತೆರೆದು, 2019ರಲ್ಲಿ ಎರಡನ್ನೂ ಮುಚ್ಚುವುದಾಗಿ ಸಾರಿತು. ಇಂದಿಗೂ ಷೂವಿನ ಮೇಲ್ಭಾಗದ ಹೊಲಿಗೆ ಹೆಚ್ಚಾಗಿ ಏಷ್ಯಾದ ಹೆಣ್ಣುಮಕ್ಕಳ ಕೈಯಲ್ಲೇ ಇದೆ. ಯಾವ ಕೈಯನ್ನು ಕೀಳೆಂದರೋ ಅದೇ ಕೈಯನ್ನು ಅನುಕರಿಸಲು ಇಷ್ಟು ಪಾಡು!

ಹಾಗಂತ ಯಂತ್ರ ಬರಲೇ ಇಲ್ಲವೆಂದಲ್ಲ. ತೊಗಲನ್ನು ಅಚ್ಚಿನ ಮೇಲೆ ಎಳೆದು ಬಿಗಿಯುವ ಯಂತ್ರಕ್ಕೆ 1883ರಲ್ಲಿ ಪೇಟೆಂಟ್ ಪಡೆದವನು ಯಾನ್ ಮಾಟ್ಸೆಲಿಗರ್. ಸುರಿನಾಮಿನಲ್ಲಿ ಕರಿಯ ತಾಯಿಗೆ ಹುಟ್ಟಿ, ಅಮೆರಿಕದ ಲಿನ್ ಪಟ್ಟಣದ ಷೂ ಕಾರ್ಖಾನೆಯಲ್ಲಿ ದುಡಿದವನು. ಕೈಯಲ್ಲಿ ದಿನಕ್ಕೆ 50 ಜೊತೆ ಆಗುತ್ತಿದ್ದಲ್ಲಿ ಅವನ ಯಂತ್ರ 150ರಿಂದ 700 ಜೊತೆ ಬಿಗಿಯಿತು. 1889ರಲ್ಲಿ, 36ರ ವಯಸ್ಸಿಗೆ, ಅವನು ಕ್ಷಯದಿಂದ ಸತ್ತ. ಯಂತ್ರ ಕೊನೆಗೆ ಯುನೈಟೆಡ್ ಷೂ ಮೆಷಿನರಿ ಎಂಬ ದೈತ್ಯ ಕಂಪನಿಯ ಸೊತ್ತಾಯಿತು.

ನಮ್ಮ ಮಾದಾರ ಚೆನ್ನಯ್ಯನ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗೂಂಟ ಇವೆ. ಅವುಗಳಿಗೆ ಆಳಾಗಬೇಡವೆಂಬ ಎಚ್ಚರವೂ ಅಲ್ಲೇ ಇದೆ. ಪಂಡಿತರು ಇದನ್ನು ಬರೀ ಅಧ್ಯಾತ್ಮ ಅಂದರೆ ನಾವು ಒಪ್ಪುವುದಿಲ್ಲ. ಹತ್ಯಾರಿನ ಹೆಸರು ಬಲ್ಲವನು ಮಾತ್ರ ಅದರಿಂದ ಬಿಡುಗಡೆಯ ಮಾತಾಡಬಲ್ಲ. ನಾವು ಬಿಡುಗಡೆಯ ಮಾತಾಡಿದೆವು, ಹೆಸರು ಮರೆತೆವು. ನಮ್ಮ ಕಾವ್ಯ ಸೋತದ್ದು ಇಲ್ಲಿ.

ನಮ್ಮ ಅಪ್ಪಂದಿರು ಉಳಿ ಕೆಳಗಿಟ್ಟು ನಮ್ಮನ್ನು ಕಾಲೇಜಿಗೆ ಕಳಿಸಿದ್ದು ನಾವು ಅದನ್ನೇ ಹಾಡಿ ಹೊಗಳಲಿ ಅಂತಲ್ಲ. ಕುಲಕಸುಬಿನ ಗೂಟ ಕೀಳಬೇಕು. ಯಂತ್ರ ಬರುವುದಾದರೆ ಬರಲಿ, ನಾತ ಮತ್ತು ಬೆನ್ನುನೋವು ಹೋಗಲಿ. ಆದರೆ ಅಜ್ಜನಂಥವರ ಕೈ ನೋಡಿ ಕಲಿತ ಯಂತ್ರದಲ್ಲಿ ಅಜ್ಜನ ಮೊಮ್ಮಕ್ಕಳ ಪಾಲೆಷ್ಟು? ಅವರು ಅದನ್ನು ಕಟ್ಟುವವರಾಗುತ್ತಾರೋ, ಅದರ ಕಸ ಗುಡಿಸುವವರಾಗುತ್ತಾರೋ?

ಇದನ್ನು ಕೇಳುವ ಕವಿತೆ ಬರಬೇಕು, ಗೆಳೆಯರೇ. ಅದಕ್ಕೆ ಮೊದಲು ನಾವು ಹೋಗಿ ಅಜ್ಜನ ಪಕ್ಕ ಕೂತು ಹತ್ಯಾರುಗಳ ಹೆಸರು ಕೇಳಿಕೊಳ್ಳಬೇಕು. ಅಪ್ಪ ಹೇಳಿಕೊಡಲಿಲ್ಲ, ನಾವೂ ಕೇಳಲಿಲ್ಲ.