ಝೂನಿ ಶಾಲಾಮಂಡಲದ ಮೊಕದ್ದಮೆ: ಒಂದು ವಿಮರ್ಶೆ

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2007ರ ಏಪ್ರಿಲ್ 17ರಂದು ಝೂನಿ ಶಾಲಾಮಂಡಲದ ಮೊಕದ್ದಮೆಯಲ್ಲಿ ಇತ್ತ ತೀರ್ಪು ಕಾನೂನು ಪಂಡಿತರಲ್ಲಿ ಸುಪ್ರಸಿದ್ಧವಾಗಿದೆ. ಶಾಸನದ ಅಕ್ಷರ ಮುಖ್ಯವೋ ಅದರ ಉದ್ದೇಶ ಮುಖ್ಯವೋ ಎಂಬ ಹಳೆಯ ವಿವಾದಕ್ಕೆ ಅದೊಂದು ನಿದರ್ಶನವೆಂದು ಎಣಿಸಲ್ಪಟ್ಟಿದೆ. ಬಹುಮತದ ಐವರ ಪರವಾಗಿ ನ್ಯಾಯಮೂರ್ತಿ ಬ್ರೈಯರ್ ಬರೆದರು. ಭಿನ್ನಮತದ ಪ್ರಧಾನ ಲೇಖಕರು ನ್ಯಾಯಮೂರ್ತಿ ಸ್ಕಾಲಿಯಾ. ಆ ವಿವಾದದ ಗುಣದೋಷಗಳನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ನಮ್ಮ ಆಕ್ಷೇಪಣೆ ಬೇರೆ ತೆರನಾದುದು: ಈ ತೀರ್ಪನ್ನು ಚರಿತ್ರೆಯ ಆಕರವಾಗಿ ಓದಹೊರಟವನಿಗೆ ಫಿರ್ಯಾದಿಗಳು ಯಾರು, ಎಂತಹ ನೆಲದಿಂದ ಬಂದವರು ಎಂಬುದು ಅದರಿಂದ ತಿಳಿಯುವುದು ಬಹಳ ಸ್ವಲ್ಪ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾವು ಇಲ್ಲಿ ಶಾಲಾಮಂಡಲವೆಂದು ಕರೆದಿರುವುದು ನಮ್ಮ ಜಿಲ್ಲಾ ವಿದ್ಯಾ ಇಲಾಖೆಯಂತಹುದಲ್ಲ. ಅದು ಊರವರು ಮತ ಹಾಕಿ ಆರಿಸಿದ ಸಭೆ. ಶಾಲೆಗಳನ್ನು ನಡೆಸುವುದೂ, ಆಸ್ತಿತೆರಿಗೆಯ ಆಧಾರದ ಮೇಲೆ ಸಾಲಪತ್ರ ಹೊರಡಿಸಿ ಕಟ್ಟಡ ಕಟ್ಟುವುದೂ ಅದರ ಅಧಿಕಾರ. ಆದಕಾರಣ ಯಾವ ಮಂಡಲದಲ್ಲಿ ತೆರಿಗೆ ಹಾಕಬಹುದಾದ ಭೂಮಿಯಿಲ್ಲವೋ ಅದು ಹುಟ್ಟಿದಾಗಿನಿಂದಲೇ ದರಿದ್ರ.

ನ್ಯೂ ಮೆಕ್ಸಿಕೋ ಸಂಸ್ಥಾನದ ಗ್ಯಾಲಪ್ ಪಟ್ಟಣವು 1881ರಲ್ಲಿ ರೈಲುದಾರಿಯೊಡನೆ ಹುಟ್ಟಿತು. 2020ರ ಜನಗಣತಿಯಲ್ಲಿಯೂ ಅದರ ನಿವಾಸಿಗಳು ಇಪ್ಪತ್ತೆರಡು ಸಾವಿರವನ್ನು ಮುಟ್ಟಿರಲಿಲ್ಲ. ಅದರ ಸುತ್ತ ನವಾಹೋ ಜನರ ನೆಲ. ದಕ್ಷಿಣಕ್ಕೆ ಸುಮಾರು ಮೂವತ್ತೈದು ಮೈಲಿ ದೂರದಲ್ಲಿ, ಸ್ಪೇನಿನವರು 1540ರಲ್ಲಿ ಮೇಲೆಬಿದ್ದಾಗಲೇ ಪುರಾತನವಾಗಿದ್ದ ಝೂನಿ ಜನಪದ. ಇವೆಲ್ಲವೂ ಗ್ಯಾಲಪ್-ಮಕಿನ್ಲಿ ಎಂಬ ಒಂದೇ ಶಾಲಾಮಂಡಲದ ಆಡಳಿತದಲ್ಲಿದ್ದವು. ಆ ಸಂಸ್ಥಾನದಲ್ಲಿ ಮೀಸಲು ನೆಲದ ಆದಿವಾಸಿಗಳಿಗೆ ಮತದಾನದ ಹಕ್ಕು ದೊರೆತದ್ದೇ 1948ರಲ್ಲಿ, ನ್ಯಾಯಾಲಯದ ಆಜ್ಞೆಯಿಂದ. 1973ರಲ್ಲಿ ನವಾಹೋ ಮಕ್ಕಳ ಪರವಾದ ನಟೋನಬಾ ಮೊಕದ್ದಮೆಯಲ್ಲಿ, ಆದಿವಾಸಿ ಮಕ್ಕಳೇ ಹೆಚ್ಚಾಗಿದ್ದ ಶಾಲೆಗಳಿಗೆ ಈ ಮಂಡಲವು ಕಡಿಮೆ ಸೌಕರ್ಯ ಕೊಟ್ಟಿತೆಂದೂ, ಅವರಿಗೆಂದೇ ಬಂದ ಕೇಂದ್ರದ ಹಣವನ್ನು ಸರಿಯಾಗಿ ವಿನಿಯೋಗಿಸಲಿಲ್ಲವೆಂದೂ ತೀರ್ಮಾನವಾಯಿತು. 1980ರಲ್ಲಿ ಝೂನಿಯವರು ಬೇರೆಯಾಗಿ ಸ್ವಂತ ಮಂಡಲ ಮಾಡಿಕೊಂಡರು. ಆದರೆ 2007ರ ಅರ್ಜಿದಾರರ ಪಟ್ಟಿಯನ್ನು ನೋಡಿದರೆ ಝೂನಿಯ ಜೊತೆಗೆ ನಿಂತಿರುವುದು ಅದೇ ಗ್ಯಾಲಪ್ ಮಂಡಲ! ಅಂದಿನ ಪ್ರತಿವಾದಿ ಇಂದು ಸಹವಾದಿಯಾದದ್ದು ಹೇಗೆಂಬುದೇ ಚರಿತ್ರಕಾರನ ಪ್ರಶ್ನೆ. ವಿದ್ವತ್ಪೂರ್ಣ ವ್ಯಾಖ್ಯಾನಗಳಿಗೆ ಅದು ಪ್ರಶ್ನೆಯೇ ಆಗಿಲ್ಲ.

ಉತ್ತರವಿರುವುದು ಹಣದ ಲೆಕ್ಕದಲ್ಲಿ. ಸೈನ್ಯದ ನೆಲೆಗಳಂತಹ ಕೇಂದ್ರದ ಆಸ್ತಿಗಳಿಂದ ತೆರಿಗೆ ಕಳೆದುಕೊಂಡ ಊರುಗಳಿಗೆ ಪರಿಹಾರ ಕೊಡಲು 1950ರಲ್ಲಿ ಹುಟ್ಟಿದ ಕಾಯಿದೆಯ ನೆರವು ಕಾಲಕ್ರಮದಲ್ಲಿ ಆದಿವಾಸಿ ನೆಲಕ್ಕೂ ಸಂದಿತು. ನ್ಯೂ ಮೆಕ್ಸಿಕೋ ಸರ್ಕಾರ ಈ ನೆರವಿನ ನೂರಕ್ಕೆ ಎಪ್ಪತ್ತೈದು ಭಾಗವನ್ನು ಲೆಕ್ಕಕ್ಕೆ ಹಿಡಿದು, ತಾನು ಕೊಡಬೇಕಾದ ಹಣದಲ್ಲಿ ಅಷ್ಟನ್ನು ಮುರಿದುಕೊಳ್ಳುತ್ತಿತ್ತು. ಸಂಸ್ಥಾನದ ಮಂಡಲಗಳ ನಡುವೆ ಪ್ರತಿ ವಿದ್ಯಾರ್ಥಿಯ ಮೇಲಿನ ವೆಚ್ಚದ ಅಂತರ ನೂರಕ್ಕೆ ಇಪ್ಪತ್ತೈದನ್ನು ಮೀರದಿದ್ದರೆ ಹೀಗೆ ಮಾಡಲು ಕೇಂದ್ರದ ಅನುಮತಿಯಿತ್ತು. ಅಂತರವನ್ನು ಅಳೆಯುವ ಮುನ್ನ ಮೇಲಿನ ಐದು ಶತಾಂಶವನ್ನೂ ಕೆಳಗಿನ ಐದು ಶತಾಂಶವನ್ನೂ ಬಿಡಬೇಕು. ವಿದ್ಯಾರ್ಥಿಗಳ ಶತಾಂಶವೋ, ಮಂಡಲಗಳ ಶತಾಂಶವೋ? ವ್ಯಾಜ್ಯವೆಲ್ಲ ಇಷ್ಟೇ. ಕೇಂದ್ರದ ಕಾರ್ಯದರ್ಶಿ ವಿದ್ಯಾರ್ಥಿಗಳನ್ನು ಎಣಿಸಿ 89 ಮಂಡಲಗಳಲ್ಲಿ 23ನ್ನು ಬಿಟ್ಟರು. ಉಳಿದವುಗಳಲ್ಲಿ ಹೆಚ್ಚಿನ ವೆಚ್ಚ 3,259 ಡಾಲರು, ಕಡಿಮೆಯದು 2,848, ಅಂತರ ನೂರಕ್ಕೆ ಹದಿನಾಲ್ಕು. ಝೂನಿಯವರು ಮಂಡಲಗಳನ್ನು ಎಣಿಸಿ ಹತ್ತನ್ನು ಮಾತ್ರ ಬಿಟ್ಟರು, ಅಂತರ 26.9. ನ್ಯಾಯಾಲಯ ಕಾರ್ಯದರ್ಶಿಯ ಎಣಿಕೆಯನ್ನು ಎತ್ತಿಹಿಡಿಯಿತು.

ಈ ಎಣಿಕೆ ಎಷ್ಟೇ ಸಮರ್ಪಕವಾಗಿರಲಿ, ಅದು ಅಳೆದದ್ದು ದೈನಂದಿನ ವೆಚ್ಚವನ್ನು ಮಾತ್ರ. ಕಟ್ಟಡಗಳು ಅದರಾಚೆಗಿದ್ದವು. ಪಾಠ ಹೇಳುವ ಉಪಾಧ್ಯಾಯನ ಸಂಬಳ ಎರಡೂರುಗಳಲ್ಲಿ ಸಮವಾಗಿರಬಹುದು. ಅವನ ತಲೆಯ ಮೇಲಿನ ಸೂರು ಸಮವೆಂದು ಅದರಿಂದ ಸಿದ್ಧಿಸುವುದಿಲ್ಲ. ಝೂನಿಯವರು 1998ರಲ್ಲಿ ಸಂಸ್ಥಾನದ ನ್ಯಾಯಾಲಯದಲ್ಲಿ ಹೂಡಿದ ಬೇರೊಂದು ವ್ಯಾಜ್ಯದ ತಿರುಳು ಇದೇ ಆಗಿತ್ತು. ಗ್ಯಾಲಪ್ ಮಂಡಲವೂ ಅದರಲ್ಲಿ ಸೇರಿಕೊಂಡಿತು. ಪಟ್ಟಣದ ಹೊರಗೆಲ್ಲ ತೆರಿಗೆಯಿಲ್ಲದ ನೆಲವೇ ಹಬ್ಬಿದ್ದ ಮಂಡಲಕ್ಕೂ ಅದೇ ಸಂಕಟವಿತ್ತಲ್ಲವೆ? ಮೇಲೆ ಕೇಳಿದ ಪ್ರಶ್ನೆಗೆ ಇದೇ ಸಮಾಧಾನವೆಂದು ನಾವು ತಿಳಿಯುತ್ತೇವೆ. 1999ರಲ್ಲಿ ಆ ನ್ಯಾಯಾಲಯ ಕಟ್ಟಡಗಳಿಗೆ ಹಣ ಒದಗಿಸುವ ಪದ್ಧತಿ ಸಂಸ್ಥಾನದ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಬೇಕೆಂಬುದೇ ನಮ್ಮ ವಾದ. ಹಾಗೆ ಓದದೆ 2007ರದನ್ನು ಬರಿಯ ವ್ಯಾಕರಣದ ಜಗಳವಾಗಿಸಿದವರು ಅದರ ಅರ್ಧವನ್ನಷ್ಟೇ ಓದಿದ್ದಾರೆ.

ಕಾರ್ಯದರ್ಶಿಯ ಗಣಿತ ಊರ್ಜಿತವಾಯಿತು. ಹಣದ ಪ್ರಶ್ನೆ ಮಾತ್ರ ಸಂಸ್ಥಾನದ ಶಾಸನಸಭೆಯ ಬಾಗಿಲಿಗೇ ಹಿಂತಿರುಗಿತು. ಕೇಂದ್ರದ ನೆರವನ್ನು ಮುರಿದುಕೊಳ್ಳುವ ಪದ್ಧತಿಯನ್ನು ನ್ಯೂ ಮೆಕ್ಸಿಕೋ ಕೈಬಿಟ್ಟದ್ದು 2021ರಲ್ಲಿ, ತೀರ್ಪಾಗಿ ಹದಿನಾಲ್ಕು ವರ್ಷಗಳ ಮೇಲೆ. 2007ರಲ್ಲಿ ಒಂದನೆಯ ತರಗತಿಗೆ ಸೇರಿದ ಝೂನಿಯ ಮಗುವಿನ ಶಾಲಾಭ್ಯಾಸ ಅಷ್ಟರಲ್ಲಿ ಮುಗಿದಿತ್ತು.