ವೇಗ ಹೆಚ್ಚಿದಷ್ಟೂ ಬೈಕು ಸ್ಥಿರವೆ? ಒಂದು ಜನಪ್ರಿಯ ವಿವರಣೆಯ ವಿಮರ್ಶೆ

ದ್ವಿಚಕ್ರ ವಾಹನ ಬೀಳದೆ ಓಡುವುದು ಹೇಗೆ? ಈ ಪ್ರಶ್ನೆಗೆ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ಹೀಗಿರುತ್ತದೆ: ತಿರುಗುವ ಚಕ್ರಗಳು ಗೈರೊಸ್ಕೋಪಿನಂತೆ ವರ್ತಿಸುತ್ತವೆ, ವೇಗ ಹೆಚ್ಚಿದಷ್ಟೂ ಅವುಗಳ ಕೋನೀಯ ಸಂವೇಗ ಹೆಚ್ಚುತ್ತದೆ, ಆದ್ದರಿಂದ ಸ್ಥಿರತೆಯೂ ಹೆಚ್ಚುತ್ತದೆ. ಕೇಳಲು ಅಚ್ಚುಕಟ್ಟಾದ ಈ ಉತ್ತರದ ಮೊದಲ ಎರಡು ಭಾಗಗಳು ಸರಿ. ಮೂರನೆಯದು ಅರ್ಧ ಸತ್ಯ. ಅರ್ಧ ಸತ್ಯವನ್ನು ಪರೀಕ್ಷೆಯಲ್ಲಿ ಬರೆದರೆ ಹೆಚ್ಚೆಂದರೆ ಅಂಕ ಹೋಗುತ್ತದೆ. ಹೆದ್ದಾರಿಯಲ್ಲಿ ಅದನ್ನು ನಂಬಿದರೆ ಪ್ರಾಣಕ್ಕೇ ಸಂಚಕಾರ.

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಸುತ್ತಲಿನ ರಸ್ತೆಗಳಲ್ಲಿ ತಿರುವುಗಳೂ ಊರುಗಳೂ ದನಕರುಗಳೂ ವೇಗವನ್ನು ತಾವಾಗಿಯೇ ಮಿತಿಗೊಳಿಸುತ್ತವೆ. ಅದೇ ಬೈಕು, ಅದೇ ಹೊರೆಯೊಡನೆ, ಹಾಸನ ದಾಟಿ ಚನ್ನರಾಯಪಟ್ಟಣದ ಕಡೆಗೆ ರಾಷ್ಟ್ರೀಯ ಹೆದ್ದಾರಿ 75ರ ನಾಲ್ಕು ಪಥಗಳಿಗೆ ಇಳಿದಾಗ ಸವಾರನಿಗೆ ತಡೆಯೇ ಇರುವುದಿಲ್ಲ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಇಂಥ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿಗೆ ಗಂಟೆಗೆ 80 ಕಿಮೀ ಮಿತಿ ಹೇಳುತ್ತದೆ. ಇಂದಿನ 400 ಅಥವಾ 650 ಸಿಸಿ ಬೈಕುಗಳು ಅದನ್ನು ಸುಲಭವಾಗಿ ಮೀರಬಲ್ಲವು. ನಮ್ಮ ಗ್ಯಾರೇಜುಗಳ ತಿಳಿವಳಿಕೆಯಾದರೋ ಬಹುಮಟ್ಟಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಬೈಕುಗಳ ಕಾಲದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಗಿನ ರಸ್ತೆಗಳಲ್ಲಿ ಆ ಬೈಕುಗಳನ್ನು ಬಹುಹೊತ್ತು ಅತಿವೇಗದಲ್ಲಿ ಓಡಿಸುವ ಸಂದರ್ಭವೇ ಕಡಿಮೆ. ಹಾಗಾಗಿ ಅತಿವೇಗದ ಅಸ್ಥಿರತೆ ನಮಗೆ ಹೊಸ ಸಮಸ್ಯೆಯೆನಿಸುತ್ತದೆ. ವಿಜ್ಞಾನಕ್ಕೆ ಅದು ಹೊಸದಲ್ಲ.

ಎರಡು ಬಗೆಯ ಆಂದೋಲನಗಳನ್ನು ಮೊದಲು ಬೇರೆಬೇರೆಯಾಗಿ ಗುರುತಿಸಬೇಕು. ಒಂದು 'ನಡುಕ' (ವಾಬಲ್). ಇದರಲ್ಲಿ ಹ್ಯಾಂಡಲ್, ಫೋರ್ಕ್ ಮತ್ತು ಮುಂಚಕ್ರ ಮಾತ್ರ ಸ್ಟಿಯರಿಂಗ್ ಅಕ್ಷದ ಸುತ್ತ ಸೆಕೆಂಡಿಗೆ ಸುಮಾರು 6ರಿಂದ 10 ಬಾರಿ ಅದುರುತ್ತವೆ. ಮಧ್ಯಮ ವೇಗದಲ್ಲಿ, ಅದರಲ್ಲೂ ಹ್ಯಾಂಡಲ್ ಮೇಲಿನ ಕೈ ಬಿಟ್ಟಾಗ, ಇದು ಕಾಣಿಸಿಕೊಳ್ಳುವುದು ಹೆಚ್ಚು. ಇನ್ನೊಂದು 'ಬಳುಕು' (ವೀವ್). ಇದರಲ್ಲಿ ಇಡೀ ಬೈಕು ಹಾವಿನಂತೆ ಅತ್ತಿತ್ತ ಹೊರಳುತ್ತ, ವಾಲುತ್ತ ಸೆಕೆಂಡಿಗೆ ಸುಮಾರು 2ರಿಂದ 4 ಬಾರಿ ಬಳುಕುತ್ತದೆ. ವೇಗ ಹೆಚ್ಚಿದಂತೆ ಈ ಬಳುಕಿನ ಅವಮಂದನ, ಅಂದರೆ ಆಂದೋಲನ ತಾನಾಗಿ ಅಡಗುವ ಗುಣ, ಕಡಿಮೆಯಾಗುತ್ತ ಹೋಗುತ್ತದೆ. ಅವಮಂದನ ಸೊನ್ನೆಗಿಂತ ಕೆಳಗಿಳಿದರೆ ಸಣ್ಣದೊಂದು ಗಾಳಿಯ ಹೊಡೆತ ಸಾಕು, ಬಳುಕು ತಾನಾಗಿ ಬೆಳೆಯುತ್ತದೆ. ಅದಕ್ಕೆ ಬೇಕಾದ ಶಕ್ತಿ ಬೈಕಿನ ಮುನ್ನಡೆಯಿಂದಲೇ, ಟೈರುಗಳ ಮೂಲಕ, ಒದಗುತ್ತದೆ. 'ವೇಗ ಹೆಚ್ಚಿದಷ್ಟೂ ಸ್ಥಿರ' ಎಂಬ ಮಾತು ಇಲ್ಲಿ ತಲೆಕೆಳಗಾಗುವುದನ್ನು ಗಮನಿಸಿ.

ಈ ತಿಳಿವಳಿಕೆ ಬೆಳೆದುಬಂದ ದಾರಿಯೂ ಪಾಠ ಹೇಳುವಂಥದು. 1899ರಲ್ಲಿ ಇಂಗ್ಲೆಂಡಿನ ವಿಪಲ್ ಬೈಸಿಕಲ್ಲಿನ ಚಲನೆಯ ಸಮೀಕರಣಗಳನ್ನು ಬರೆದರು. 1970ರಲ್ಲಿ ಡೇವಿಡ್ ಜೋನ್ಸ್, ಗೈರೊಸ್ಕೋಪ್ ಪರಿಣಾಮವನ್ನು ರದ್ದು ಮಾಡಲು ಮುಂಚಕ್ರದ ಪಕ್ಕ ಹಿಮ್ಮುಖವಾಗಿ ತಿರುಗುವ ಇನ್ನೊಂದು ಚಕ್ರ ಜೋಡಿಸಿ, ಆ ಬೈಸಿಕಲ್ಲನ್ನೂ ಸವಾರಿ ಮಾಡಬಹುದೆಂದು ತೋರಿಸಿದರು. ಸ್ಥಿರತೆಗೆ ಮುಖ್ಯ ಕಾರಣ ಗೈರೊಸ್ಕೋಪ್ ಅಲ್ಲ, 'ಟ್ರೇಲ್' ಎಂಬುದು ಅವರ ವಾದ. ಸ್ಟಿಯರಿಂಗ್ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದು, ಟೈರು ನೆಲ ಮುಟ್ಟುವ ಬಿಂದುವಿಗಿಂತ ಎಷ್ಟು ಮುಂದಿದೆಯೋ ಅದೇ ಟ್ರೇಲ್. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೊಯ್‌ಮನ್ ಮತ್ತು ಸಂಗಡಿಗರು ಇವೆರಡೂ ಇಲ್ಲದ ಪುಟ್ಟ ವಾಹನವೊಂದು ಸವಾರನಿಲ್ಲದೆ ತಾನಾಗಿ ನೆಟ್ಟಗೆ ಓಡುವುದನ್ನು ತೋರಿಸಿದರು. ಹಾಗಾದರೆ ಗೈರೊಸ್ಕೋಪಿಗೆ ಪಾತ್ರವೇ ಇಲ್ಲವೆ? ಹಾಗೆ ಹೇಳುವುದೂ ತಪ್ಪೇ. ಈ ಪ್ರಯೋಗಗಳು ಬೈಸಿಕಲ್ಲಿನ ಕಡಿಮೆ ವೇಗಗಳಿಗೆ ಸಂಬಂಧಿಸಿದವು. ವೇಗವಾಗಿ ಓಡುವ ಭಾರದ ಬೈಕಿನಲ್ಲಿ ವಾಲುವಿಕೆಯನ್ನೂ ಹ್ಯಾಂಡಲ್ಲಿನ ಹೊರಳುವಿಕೆಯನ್ನೂ ಜೋಡಿಸುವ ಕೊಂಡಿಗಳಲ್ಲಿ ಗೈರೊಸ್ಕೋಪ್ ಪರಿಣಾಮ ಮುಖ್ಯವಾದುದು. ಒಂದೇ ಕಾರಣ ಹುಡುಕುವ ನಮ್ಮ ಅಭ್ಯಾಸವೇ ಇಲ್ಲಿ ಸೋಲುತ್ತದೆ.

ಮೋಟಾರ್ ಸೈಕಲ್ಲಿನ ಮಟ್ಟಿಗೆ ದಾರಿ ತೆರೆದದ್ದು 1971ರಲ್ಲಿ ರಾಬಿನ್ ಶಾರ್ಪ್ ಬರೆದ ಲೇಖನ. ಅದರ ದೊಡ್ಡ ಗುಣ ಟೈರನ್ನು ಗಂಭೀರವಾಗಿ ಪರಿಗಣಿಸಿದ್ದು. ಚಕ್ರ ಹೊರಳಿದ ಕೂಡಲೇ ಟೈರು ಪೂರ್ಣ ಪಾರ್ಶ್ವಬಲ ಕೊಡುವುದಿಲ್ಲ. ಸ್ವಲ್ಪ ದೂರ ಉರುಳಿದ ಮೇಲೆ ಕೊಡುತ್ತದೆ. ಈ ವಿಳಂಬವನ್ನು ಲೆಕ್ಕದಿಂದ ಬಿಟ್ಟರೆ ನಡುಕದ ಸಮಸ್ಯೆ ಕಾಗದದ ಮೇಲೆ ಮಾಯವಾಗುತ್ತದೆ, ರಸ್ತೆಯ ಮೇಲೆ ಉಳಿಯುತ್ತದೆ. ಆ ಲೇಖನದ ಇನ್ನೊಂದು ಫಲಿತಾಂಶ ಇಂದಿಗೂ ಹಲವರಿಗೆ ಅಚ್ಚರಿ ತರುತ್ತದೆ: ಸ್ಟಿಯರಿಂಗ್ ಡ್ಯಾಂಪರ್ ನಡುಕವನ್ನು ಅಡಗಿಸುತ್ತದೆ, ಆದರೆ ಅತಿವೇಗದ ಬಳುಕನ್ನು ಹೆಚ್ಚಿಸಬಲ್ಲುದು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ರೋಗ. ಚಾಸಿಯ ಬಾಗುವಿಕೆಯನ್ನೂ ಸವಾರನ ದೇಹದ ಚಲನೆಯನ್ನೂ ಕೈಬಿಟ್ಟದ್ದು ಈ ಮಾದರಿಯ ಮಿತಿ. ನಂತರದ ಸಂಶೋಧಕರು ಅವನ್ನು ಸೇರಿಸಿದಾಗ ಲೆಕ್ಕ ವಾಸ್ತವಕ್ಕೆ ಹತ್ತಿರವಾಯಿತು.

ಇನ್ನು ಎರಡು ಸರಳ ಲೆಕ್ಕಗಳನ್ನು ನೋಡೋಣ. ಮೊದಲನೆಯದು ಸವಾರನ ಬಗ್ಗೆ. ಗಂಟೆಗೆ 120 ಕಿಮೀ ಎಂದರೆ ಸೆಕೆಂಡಿಗೆ 33.3 ಮೀಟರ್. ಬಳುಕಿನ ಆವೃತ್ತಿ 2.5 ಹರ್ಟ್ಸ್ ಆದರೆ ಒಂದು ಸುತ್ತಿಗೆ 0.4 ಸೆಕೆಂಡು; ಅಷ್ಟರಲ್ಲಿ ಬೈಕು 13 ಮೀಟರಿಗೂ ಹೆಚ್ಚು ಸಾಗಿರುತ್ತದೆ. ಮನುಷ್ಯನ ಪ್ರತಿಕ್ರಿಯೆಗೆ ಬೇಕಾದ ಕಾಲ ಸುಮಾರು 0.2 ಸೆಕೆಂಡು, ಅಂದರೆ ಸರಿಯಾಗಿ ಅರ್ಧ ಸುತ್ತು. ಎಡಕ್ಕೆ ಹೊರಳಿದ್ದನ್ನು ತಿದ್ದಲು ಸವಾರ ಬಲಕ್ಕೆ ತಳ್ಳುವ ಹೊತ್ತಿಗೆ ಬೈಕು ತಾನೇ ಬಲಕ್ಕೆ ಹೊರಳಿರುತ್ತದೆ. ತಿದ್ದುಪಡಿ ಆಂದೋಲನಕ್ಕೆ ವಿರುದ್ಧವಾಗುವ ಬದಲು ಉಯ್ಯಾಲೆ ತೂಗುವವನ ಕೈಯಂತೆ ಅದಕ್ಕೆ ಬಲ ಕೊಡುತ್ತದೆ. 'ಹ್ಯಾಂಡಲ್ ಬಿಗಿಯಾಗಿ ಹಿಡಿದು ಹೋರಾಡು' ಎಂಬ ಸಲಹೆ ಏಕೆ ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟ.

ಎರಡನೆಯದು ಹೊರೆಯ ಬಗ್ಗೆ. ಚಕ್ರಗಳ ನಡುವಿನ ಅಂತರ 1.4 ಮೀಟರ್ ಇರುವ ಬೈಕಿನಲ್ಲಿ, ಹಿಂಚಕ್ರದ ಅಕ್ಷಕ್ಕಿಂತ 0.5 ಮೀಟರ್ ಹಿಂದೆ 10 ಕಿಲೋ ಪೆಟ್ಟಿಗೆ ಇಟ್ಟೆವೆನ್ನಿ. ಸನ್ನೆಯ ನಿಯಮದಂತೆ ಮುಂಚಕ್ರದ ಮೇಲಿನ ಭಾರ 10 × 0.5 ÷ 1.4, ಅಂದರೆ ಸುಮಾರು 3.6 ಕಿಲೋ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದುದು ಜಡತ್ವ ಭ್ರಾಮಕ. ಬೈಕಿನ ಗುರುತ್ವ ಕೇಂದ್ರ ಹಿಂಚಕ್ರದ ಅಕ್ಷಕ್ಕಿಂತ 0.7 ಮೀಟರ್ ಮುಂದಿದ್ದರೆ ಪೆಟ್ಟಿಗೆ ಅದರಿಂದ 1.2 ಮೀಟರ್ ದೂರದಲ್ಲಿರುತ್ತದೆ. ಅದೇ 10 ಕಿಲೋ ಟ್ಯಾಂಕಿನ ಮೇಲೆ, ಗುರುತ್ವ ಕೇಂದ್ರದಿಂದ 0.2 ಮೀಟರ್ ದೂರದಲ್ಲಿ ಇದ್ದಿದ್ದರೆ? ದೂರದ ವರ್ಗದ ಲೆಕ್ಕದಲ್ಲಿ ಹಿಂದಿನ ಪೆಟ್ಟಿಗೆಯ ಪಾಲು 36 ಪಟ್ಟು ಹೆಚ್ಚು! ತೂಕ ಅಷ್ಟೇ, ಜಾಗ ಬೇರೆ. ಜಾಹೀರಾತುಗಳು ಎಷ್ಟು ಲೀಟರ್ ಸಾಮಾನು ಹಿಡಿಸುತ್ತದೆ ಎಂಬುದನ್ನು ಹೇಳುತ್ತವೆ. ಎಲ್ಲಿ ಹಿಡಿಸುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಗ್ಯಾರೇಜಿನ ವಿವರಣೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 'ಕೋನ್‌ಸೆಟ್ ಸಡಿಲ' ಎಂದು ಮೆಕ್ಯಾನಿಕ್ ಹೇಳುವುದು ನಡುಕದ ಮಟ್ಟಿಗೆ ಹಲವು ಸಲ ನಿಜ. ಬಳುಕಿಗಾದರೋ ಸವೆದ ಸ್ವಿಂಗ್ ಆರ್ಮ್ ಬುಷ್, ಸತ್ತ ಹಿಂದಿನ ಶಾಕ್ ಅಬ್ಸಾರ್ಬರ್, ಗಾಳಿ ಕಡಿಮೆಯಾದ ಅಥವಾ ಸವೆದು ಚಪ್ಪಟೆಯಾದ ಹಿಂಟೈರು, ಹಿಂದೆ ಕಟ್ಟಿದ ಪೆಟ್ಟಿಗೆ ಇವೆಲ್ಲ ಸೇರಿ ಕಾರಣವಾಗುತ್ತವೆ. ಕೋನ್‌ಸೆಟ್ ಬಿಗಿಮಾಡಿ ಕಳುಹಿಸಿದರೆ ಮಧ್ಯಮ ವೇಗದ ಪರೀಕ್ಷೆಯಲ್ಲಿ ಬೈಕು ಪಾಸಾಗುತ್ತದೆ. ಬಳುಕು 110ರಲ್ಲಿ ಕಾದಿರುತ್ತದೆ.

'ನಿಯಂತ್ರಣ ತಪ್ಪಿ' ಎಂಬ ಮೂರನೆಯ ವಿವರಣೆ ಎಲ್ಲಕ್ಕಿಂತ ಹಾನಿಕರ. ಅಪಘಾತದ ವರದಿಗಳಲ್ಲಿ ಕಾಣುವ ಈ ಪದಪುಂಜ ಪರಿಣಾಮವನ್ನು ಹೇಳುತ್ತದೆ, ಕಾರಣವನ್ನಲ್ಲ. ನಿಯಂತ್ರಣ ಏಕೆ ತಪ್ಪಿತು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಪೊಲೀಸ್ ಸವಾರನೊಬ್ಬನ ಸಾವಿನ ನಂತರ ಈ ಪ್ರಶ್ನೆ ಕೈಬಿಡಲಿಲ್ಲ; 2007ರಲ್ಲಿ ಅಲ್ಲಿನ ಹಲವು ಪೊಲೀಸ್ ಪಡೆಗಳು ಹೊಂಡಾ ಎಸ್‌ಟಿ 1300 ಪ್ಯಾನ್ ಯುರೋಪಿಯನ್ ಎಂಬ ದೂರಪ್ರಯಾಣದ ಬೈಕಿನ ಬಳಕೆಯನ್ನು ನಿಲ್ಲಿಸಿದವು. ಅವರು ತರಬೇತಿ ಪಡೆದ ಸವಾರರು. ಅಂಥವರ ವಿಷಯದಲ್ಲೇ 'ಸವಾರನ ತಪ್ಪು' ಎಂಬ ಉತ್ತರ ಸಾಲದೆ ಹೋದರೆ, ನಮ್ಮ ಹುಡುಗರ ವಿಷಯದಲ್ಲಿ ಅದು ಸಾಕೆಂದು ಹೇಗೆ ಒಪ್ಪುವುದು? ವೇಗಮಿತಿ ಮೀರಿದ್ದು ತಪ್ಪೇ. ಆದರೆ ವೇಗ ಏನು ಮಾಡಿತು ಎಂಬುದನ್ನು ತಿಳಿಯದೆ ಅದರ ಭಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಶಿಕ್ಷಕರು ಇದನ್ನು ತರಗತಿಯಲ್ಲಿಯೇ ತೋರಿಸಬಹುದು, ಅಪಾಯವಿಲ್ಲದೆ. ಆಸ್ಪತ್ರೆಯ ಅಥವಾ ಅಂಗಡಿಯ ತಳ್ಳುಗಾಡಿಯ ಪುಟ್ಟ ತಿರುಗುಚಕ್ರ ನಿಧಾನವಾಗಿ ತಳ್ಳಿದಾಗ ಸುಮ್ಮನಿದ್ದು, ಒಂದು ವೇಗ ದಾಟಿದೊಡನೆ ಪಟಪಟನೆ ಅದುರುತ್ತದೆ. ನಡುಕದ ಮಾದರಿ ಅದೇ. ಬಯಲಿನಲ್ಲಿ ಸವಾರನಿಲ್ಲದ ಬೈಸಿಕಲ್ಲನ್ನು ಓಡುತ್ತ ತಳ್ಳಿಬಿಟ್ಟರೆ, ಅದು ನಿಧಾನವಾಗುವವರೆಗೆ ಬೀಳದೆ ತನ್ನನ್ನು ತಾನೇ ತಿದ್ದಿಕೊಳ್ಳುವುದೂ ಕಾಣುತ್ತದೆ. ಜೊತೆಗೆ ಮೇಲಿನ ಎರಡು ಲೆಕ್ಕಗಳನ್ನು ಹಲಗೆಯ ಮೇಲೆ ಮಾಡಿಸಿ, ಬೇರೆ ವೇಗ ಮತ್ತು ಬೇರೆ ಹೊರೆಗೆ ಮಕ್ಕಳೇ ಮುಂದುವರಿಸಲಿ.

ಬಳುಕು ಶುರುವಾದರೆ ಏನು ಮಾಡಬೇಕೆಂಬ ಮಾತನ್ನೂ ಸೇರಿಸಿ ಹೇಳಬೇಕು: ವೇಗ ಹೆಚ್ಚಿಸಿ ಪಾರಾಗಲು ಹೋಗಬಾರದು, ಮುಂದಿನ ಬ್ರೇಕನ್ನು ಗಕ್ಕನೆ ಹಿಡಿಯಬಾರದು, ಮುಂದಕ್ಕೆ ಬಾಗಿ, ಕೈ ಸಡಿಲವಾಗಿಟ್ಟು, ಥ್ರಾಟಲನ್ನು ನಿಧಾನವಾಗಿ ಇಳಿಸಬೇಕು. ಸ್ಥಿರತೆ ಎಂಬುದು ಇದೆ ಅಥವಾ ಇಲ್ಲ ಎನ್ನುವಂಥ ಗುಣವಲ್ಲ. ವೇಗ, ಹೊರೆ, ಟೈರು ಮತ್ತು ಕೈಗಳ ನಡುವೆ ಪ್ರತಿ ಕ್ಷಣವೂ ಬದಲಾಗುವ ಲೆಕ್ಕ. ಅದನ್ನು ಪಠ್ಯದ ಒಂದು ಸಾಲಿನಲ್ಲಿ ಮುಗಿಸದಿರುವುದು ನಮ್ಮ ಕೈಯಲ್ಲಿದೆ.