ವಾಲ್ವಿನ ನಾದ ಮತ್ತು ಮುಲ್ಲಾರ್ಡರ ಪುಸ್ತಕ

ವಿಮರ್ಶೆಯೆಂಬುದು ಹೊಸ ಪುಸ್ತಕಗಳಿಗೆ ಮೀಸಲೆಂಬ ರೂಢಿಯನ್ನು ಈ ಸಲ ಮುರಿಯುತ್ತಿದ್ದೇವೆ, ವಾಚಕರು ಮನ್ನಿಸಬೇಕು. ನಮ್ಮ ಮುಂದಿರುವುದು 1959ರಲ್ಲಿ ಲಂಡನ್ನಿನ ಮುಲ್ಲಾರ್ಡ್ ಕಂಪನಿಯವರು ಪ್ರಕಟಿಸಿದ ‘ಸರ್ಕ್ಯೂಟ್ಸ್ ಫಾರ್ ಆಡಿಯೊ ಆಂಪ್ಲಿಫೈಯರ್ಸ್’ ಎಂಬ ಇಂಗ್ಲಿಷ್ ಪುಸ್ತಕ. ಮುಂಬಯಿಯ ಫೋರ್ಟಿನಲ್ಲಿ ಹಳೆಯ ಪುಸ್ತಕಗಳ ರಾಶಿಯೊಳಗೆ ಸಿಕ್ಕ ಪ್ರತಿ. ಇದನ್ನು ನಾವು ಓದಿದ್ದಷ್ಟೇ ಅಲ್ಲ, ಇದರಂತೆ ಒಂದು ಆಂಪ್ಲಿಫೈಯರನ್ನು ಕಟ್ಟಿಯೂ ನೋಡಿದೆವು. ಪಾಕಶಾಸ್ತ್ರದ ಪುಸ್ತಕವನ್ನು ಉಂಡ ಮೇಲೆ ವಿಮರ್ಶಿಸುವುದೇ ನ್ಯಾಯ.

ಈ ಹುಚ್ಚು ಹತ್ತಿದ್ದಕ್ಕೆ ಕಾರಣ ನಮ್ಮದೇ ಒಂದು ಅವಿವೇಕ. ಗದಗಿನ ಮನೆಯಲ್ಲಿ ನಮ್ಮ ತಂದೆಯವರ ವಾಲ್ವ್ ರೇಡಿಯೊ ಇತ್ತು. ಸ್ವಿಚ್ಚು ಹಾಕಿದರೆ ಅರ್ಧ ನಿಮಿಷ ಮೌನ. ಬಳಿಕ ಹಸಿರು ಕಣ್ಣು ತೆರೆದು ಧಾರವಾಡ ಕೇಂದ್ರ ಮಾತಾಡುತ್ತಿತ್ತು. ತಂದೆಯವರು ತೀರಿಕೊಂಡ ಬಳಿಕ ಅದು ಅಟ್ಟ ಸೇರಿತು. ಎಷ್ಟೋ ವರುಷಗಳ ಮೇಲೆ ಅದನ್ನು ಮುಂಬಯಿಗೆ ತಂದು, ಧೂಳು ಒರಸಿ, ನೇರವಾಗಿ ಕರೆಂಟಿಗೆ ಕೊಟ್ಟೆವು. ಎರಡು ನಿಮಿಷ ಗುಂಯ್‌ಗುಟ್ಟಿತು. ಮೂರನೆಯ ನಿಮಿಷಕ್ಕೆ ಹೊಗೆ. ತಾಯಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು; ಏನೂ ಅನ್ನಲಿಲ್ಲ. ಬಿ.ಎಸ್ಸಿ. ಓದಿದವರು ನಾವು! ಏನು ಸುಟ್ಟಿತು, ಏಕೆ ಸುಟ್ಟಿತು ಎಂದು ತಿಳಿಯುವ ಹಟದಿಂದಲೇ ಈ ಪುಸ್ತಕಕ್ಕೆ ಕೈಹಾಕಿದ್ದು.

ಮೊದಲು ಗುಣಗಳನ್ನು ಹೇಳಬೇಕು. ಹೊಸಬನ ಕೈ ಹಿಡಿದು ನಡೆಸುವ ಕ್ರಮ ಇದರಲ್ಲಿದೆ. ಮೂರು ವಾಲ್ವು, ಮೂರು ವ್ಯಾಟ್ ಶಕ್ತಿಯ ‘3-3’. ಐದು ವಾಲ್ವು, ಹತ್ತು ವ್ಯಾಟಿನ ‘5-10’. ಐದು ವಾಲ್ವು, ಇಪ್ಪತ್ತು ವ್ಯಾಟಿನ ‘5-20’. ಹೆಸರಿನಲ್ಲೇ ಲೆಕ್ಕ ಬಂತು. ನಾವು ಆರಿಸಿದ್ದು 5-10. ಇದರಲ್ಲಿ ಇ.ಎಫ್. 86 ಎಂಬ ವಾಲ್ವು ಸಣ್ಣ ಸಂಕೇತವನ್ನು ದೊಡ್ಡದು ಮಾಡುತ್ತದೆ, ಇ.ಸಿ.ಸಿ. 83 ಅದನ್ನು ಪರಸ್ಪರ ವಿರುದ್ಧವಾದ ಎರಡು ಪಾಲು ಮಾಡುತ್ತದೆ, ಎರಡು ಇ.ಎಲ್. 84 ವಾಲ್ವುಗಳು, ಇಬ್ಬರು ಆಳುಗಳು ಗರಗಸ ಎಳೆದಾಡುವಂತೆ, ಸರದಿಯಲ್ಲಿ ದುಡಿದು ಸ್ಪೀಕರನ್ನು ನಡೆಸುತ್ತವೆ. ಐದನೆಯದು ಎಲ್ಲಕ್ಕೂ ಏಕಮುಖ ವಿದ್ಯುತ್ತನ್ನು ಒದಗಿಸುತ್ತದೆ. ಕಾದ ಕ್ಯಾಥೋಡಿನಿಂದ ಹೊರಟ ಇಲೆಕ್ಟ್ರಾನುಗಳನ್ನು ನಡುವಣ ಗ್ರಿಡ್ಡು ತಡೆದು, ಬಿಟ್ಟು, ಆಳುತ್ತದೆಂಬ ಪಾಠ ಕಾಲೇಜಿನಲ್ಲಿ ಬಾಯಿಪಾಠವಾಗಿತ್ತು; ಅರ್ಥವಾದದ್ದು ಬೆಸುಗೆಯ ಕಾವಿ ಕೈಗೆ ಬಂದ ಮೇಲೆ. ದುಂದಿನ ಲೆಕ್ಕವೂ ತಿಳಿಯಿತು. ಒಂದು ಇ.ಎಲ್. 84ರ ತಂತಿ ಕಾಯಿಸಲು 6.3 ವೋಲ್ಟಿನಲ್ಲಿ 0.76 ಆಂಪಿಯರ್ ಬೇಕು. ಎರಡಕ್ಕೆ ಸುಮಾರು 9.6 ವ್ಯಾಟ್. ಹತ್ತು ವ್ಯಾಟ್ ಸಂಗೀತಕ್ಕೆ ಹತ್ತಿರ ಹತ್ತಿರ ಹತ್ತು ವ್ಯಾಟ್ ಬರಿಯ ಒಲೆ!

ಇನ್ನು ಮುಖ್ಯ ವಿಷಯ. ವಾಲ್ವಿನ ದನಿಯ ಮಾಧುರ್ಯ ಟ್ರಾನ್ಸಿಸ್ಟರಿಗೆ ಬಾರದೆಂಬ ಮಾತು ಈಗ ಹವ್ಯಾಸಿಗಳ ಬಾಯಲ್ಲಿ ಮಂತ್ರವಾಗಿದೆ. ಈ ಪುಸ್ತಕವನ್ನು ಆ ಮಂತ್ರದ ವೇದವೆಂಬಂತೆ ಕಾಣುವವರೂ ಇದ್ದಾರೆ. ಆದರೆ ಇದನ್ನು ಬರೆದವರು ಮಾಧುರ್ಯವನ್ನು ಅರಸಿದವರಲ್ಲ, ನಿಷ್ಠೆಯನ್ನು ಅರಸಿದವರು. ಒಳಗೆ ಹೋದದ್ದೇ ಹಿಗ್ಗಿ ಹೊರಗೆ ಬರಬೇಕು, ವಾಲ್ವು ತನ್ನ ಕಡೆಯಿಂದ ಏನನ್ನೂ ಸೇರಿಸಬಾರದು ಎಂಬುದೇ ಅವರ ಗುರಿ. 1947ರಲ್ಲಿ ವಿಲಿಯಂಸನ್ ಎಂಬವರು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ 15 ವ್ಯಾಟಿನ ವಾಲ್ವ್ ಆಂಪ್ಲಿಫೈಯರಿನಲ್ಲಿ ವಿಕೃತಿ ಶೇಕಡಾ 0.1ಕ್ಕೂ ಕಡಿಮೆ. ಮುಲ್ಲಾರ್ಡರೂ ಅದೇ ಹಾದಿಯವರು.

ಮಾಧುರ್ಯಕ್ಕೆ ಹೇಳುವ ಶಾಸ್ತ್ರೀಯ ಕಾರಣ ಎರಡನೆಯ ಹಾರ್ಮೋನಿಕ್. ಅಂದರೆ ಮೂಲ ಸ್ವರದ ಒಂದು ಸಪ್ತಕ ಮೇಲೆ ವಾಲ್ವು ತಾನಾಗಿ ಬೆರೆಸುವ ದನಿ. ಆದರೆ ಜೋಡಿ ವಾಲ್ವು ಎಳೆದಾಡುವ ಸರ್ಕ್ಯೂಟಿನಲ್ಲಿ ಇಂಥ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿದ ವಿಕೃತಿಯನ್ನು ಋಣ ಫೀಡ್‌ಬ್ಯಾಕು, ಎಂದರೆ ಹೊರಬಂದ ದನಿಯ ಒಂದಂಶವನ್ನು ತಿರುಗಿಸಿ ಒಳಗೆ ಕಳೆಯುವ ಉಪಾಯ, ತಗ್ಗಿಸುತ್ತದೆ. ಅಂದ ಮೇಲೆ 5-10ನ್ನು ಕಟ್ಟಿ ಎರಡನೆಯ ಹಾರ್ಮೋನಿಕ್ಕಿನ ಸವಿಯನ್ನು ಹೊಗಳುವುದು, ಸೋಸಿದ ನೀರಿನಲ್ಲಿ ಕೆರೆಯ ರುಚಿ ಕಂಡಂತೆ. 1978ರಲ್ಲಿ ಅದೇ ಪತ್ರಿಕೆಯಲ್ಲಿ ಜೇಮ್ಸ್ ಮಾಯರ್ ಒಂದು ಪರೀಕ್ಷೆಯನ್ನು ವರದಿ ಮಾಡಿದರು. ಕ್ವಾಡ್ ಕಂಪನಿಯ ಒಂದು ವಾಲ್ವ್ ಆಂಪ್ಲಿಫೈಯರು, ಎರಡು ಟ್ರಾನ್ಸಿಸ್ಟರಿನವು. ಯಾವುದು ನುಡಿಯುತ್ತಿದೆಯೆಂದು ಹೇಳದೆ ಕೇಳಿಸಿದಾಗ, ನುರಿತ ಕಿವಿಗಳೂ ವ್ಯತ್ಯಾಸವನ್ನು ನಂಬುವಂತೆ ಗುರುತಿಸಲಿಲ್ಲ.

ಪುಸ್ತಕದ ದೋಷಗಳು ಎರಡು. ಮೊದಲನೆಯದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಅಂಗಡಿಯಲ್ಲಿ ದೊರೆಯುವುದೆಂಬ ಭರವಸೆ. ವಾಲ್ವುಗಳ ಜೋಡಿ ಬಯಸುವುದು 8,000 ಓಮ್. ನಮ್ಮ ಸ್ಪೀಕರು 8 ಓಮ್. ಸಾವಿರ ಪಟ್ಟಿನ ಈ ಅಂತರವನ್ನು ಸುಮಾರು 32ಕ್ಕೆ 1ರಂತೆ ಸುತ್ತಿದ ತಂತಿ ಹೊಂದಿಸಬೇಕು. ಪುಸ್ತಕ ಹೆಸರಿಸುವ ತಯಾರಕರು ಅಂದಿನ ಇಂಗ್ಲೆಂಡಿನವರು. ನಾವು ಲ್ಯಾಮಿಂಗ್ಟನ್ ರಸ್ತೆಯ ಗಲ್ಲಿಯೊಂದರಲ್ಲಿ ಸುತ್ತಿಸಿದೆವು. ದಸರೆಯ ಬೋನಸ್ಸು ಅಲ್ಲಿಗೇ ಹೋಯಿತು. ತಂತಿಯ ತುದಿಗಳನ್ನು ನಾವು ಅದಲುಬದಲು ಬೆಸೆದದ್ದರಿಂದ ಋಣವಾಗಬೇಕಾದದ್ದು ಧನವಾಗಿ, ನಡುರಾತ್ರಿ ಚಾಳೆಲ್ಲ ಎಚ್ಚರವಾಗುವಂತೆ ಯಂತ್ರ ಊಳಿಟ್ಟಿತು.

ಎರಡನೆಯ ದೋಷ ಕಾಲದ್ದು. ಹೊಸ ಬಿಡಿಭಾಗಗಳ ಕಾಲದಲ್ಲಿ ಬರೆದ ಈ ಪುಸ್ತಕದಿಂದ ಹಳೆಯದು ಹೇಗೆ ಕೆಡುತ್ತದೆಂದು ನಮಗೆ ತಿಳಿಯಲಿಲ್ಲ. ನಮಗೆ ಬೇಕಾಗಿದ್ದುದೇ ಅದು. ಹಿಂದಿನ ವಾಲ್ವಿಗೂ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೂ ನಡುವಣ ಕಾಗದದ ಕಂಡೆನ್ಸರು ವಯಸ್ಸಾದಂತೆ ಸೋರುತ್ತದೆ. ಗ್ರಿಡ್ಡು ತಡೆಯುವುದನ್ನು ಬಿಟ್ಟು, ಮಿತಿಮೀರಿದ ಕರೆಂಟು ಹರಿದು, ಟ್ರಾನ್ಸ್‌ಫಾರ್ಮರು ಸುಡುತ್ತದೆ. ತಂದೆಯವರ ರೇಡಿಯೊಗೆ ಆದದ್ದು ಇದೇ. ಕೆಲವೇ ರೂಪಾಯಿಯ ಕಂಡೆನ್ಸರನ್ನು ಮೊದಲೇ ಬದಲಿಸಿದ್ದರೆ ಸಾಕಾಗಿತ್ತು.

5-10 ಸಿದ್ಧವಾದ ದಿನ ಮಲ್ಲಿಕಾರ್ಜುನ ಮನಸೂರರ ಮುದ್ರಿಕೆಯೊಂದನ್ನು ಹಾಕಿದೆವು. ದನಿ ಸ್ವಚ್ಛ, ನಿಚ್ಚಳ. ತಾಯಿಯವರು ಕೇಳಿ, “ಚಲೋ ಕೇಳಸ್ತೈತಿ. ಆದರ ನಿಮ್ಮಪ್ಪನ ರೇಡಿಯೊ ಹಿಂಗ ಇರಲಿಲ್ಲಪಾ” ಎಂದರು. ಕಲಿತ ವಿದ್ಯೆಯನ್ನು ಹಿಡಿದು ಆ ರೇಡಿಯೊವನ್ನು ಬಿಚ್ಚಿ, ಟ್ರಾನ್ಸ್‌ಫಾರ್ಮರು ಸುತ್ತಿಸಿ, ಕಂಡೆನ್ಸರುಗಳನ್ನು ಬದಲಿಸಿ, ಗ್ರಾಮಫೋನಿಗೆಂದು ಹಿಂದೆ ಇದ್ದ ತೂತಿನಲ್ಲಿ ಅದೇ ಮುದ್ರಿಕೆಯನ್ನು ಕೊಟ್ಟೆವು. ತಾಯಿಯವರು ಮಾತಾಡಲಿಲ್ಲ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

ಅದರಲ್ಲಿ ಔಟ್‌ಪುಟ್ ವಾಲ್ವು ಒಂದೇ. ಎರಡನೆಯ ಹಾರ್ಮೋನಿಕ್ಕನ್ನು ಅಳಿಸಲು ಜೊತೆಗಾರನಿಲ್ಲ. ತಾರದ ಚೂಪನ್ನು ಮೊಂಡು ಮಾಡುವ ಒಂದೇ ಸ್ಪೀಕರು, ತಾನೂ ಅನುರಣಿಸುವ ಮರದ ಪೆಟ್ಟಿಗೆ, ಮೇಲೆ ನಲವತ್ತು ವರುಷಗಳ ನೆನಪು. ಮಾಧುರ್ಯವೆಂಬುದು ಇವೆಲ್ಲದರ ಕೂಡು ಆಸ್ತಿ; ವಾಲ್ವೊಂದರ ಹೆಸರಿಗೆ ಖಾತೆ ಮಾಡಿಸುವುದು ಸರಿಯಲ್ಲ.

ಹಾಗೆಂದು ಪುಸ್ತಕದ ಬೆಲೆ ಕುಂದದು. ಮಾಧುರ್ಯಕ್ಕಾಗಿ ಕೊಳ್ಳುವವರಿಗೆ ಇದು ನಿರಾಶೆ. ತಿಳಿಯಬೇಕೆಂಬವರಿಗೆ ಒಳ್ಳೆಯ ಗುರು. ಅಂಥವರು 3-3ರಿಂದ ಆರಂಭಿಸಲಿ. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ 300 ವೋಲ್ಟು ಕುಳಿತಿರಬಹುದು. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆಯೇ ಕೈಹಾಕಬೇಕು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನವರು 1961ರಲ್ಲಿ ರೇಡಿಯೊ ವಾಲ್ವು ಮಾಡತೊಡಗಿದರು. ಊರಿನ ಅಟ್ಟದ ಹಳೆಯ ರೇಡಿಯೊದೊಳಗೆ ಅವರ ವಾಲ್ವೇ ಇದ್ದರೂ ಇರಬಹುದು. ರಜೆಗೆ ಹೋದಾಗ ಇಳಿಸಿ ನೋಡಿರಿ. ಕರೆಂಟಿಗೆ ಮಾತ್ರ ಕೊಡಬೇಡಿರಿ, ಬಲ್ಲವರಿಗೆ ತೋರಿಸಿರಿ.